ಹಯಾತ ಸಾಬನ ಸಣ್ಣ ಪಿಸ್ತೂಲು

ಹಯಾತ ಸಾಬ ಹದಿನೆಂಟು ವರ್ಷ ಬೇಟೆಗೆ ಹೋದ, ಅಷ್ಟೂ ವರ್ಷ ಬಂದೂಕು ಮುಟ್ಟಿದವನಲ್ಲ. ಅವನ ಕೆಲಸ ಓಡುವುದು. ಗುಂಡು ತಗುಲಿದ ಪ್ರಾಣಿ ಬಿದ್ದ ಕಡೆಗೆ, ಅದರ ಜೀವ ಹೋಗುವ ಮೊದಲು, ಮುಳ್ಳುಕಂಟಿ ಹಳ್ಳಕೊಳ್ಳ ಯಾವುದನ್ನೂ ಲೆಕ್ಕಿಸದೆ ಓಡಬೇಕು. ಓಡಿ, ಬಿಸ್ಮಿಲ್ಲಾ ಹೇಳಿ, ಇನ್ನೂ ಉಸಿರಾಡುತ್ತಿರುವ ಕೊರಳಿಗೆ ಚೂರಿ ಹಾಕಬೇಕು. ಆಗ ಅದು ಹಲಾಲು. ಅವನು ಮುಟ್ಟುವ ಮೊದಲೇ ಪ್ರಾಣಿ ಸತ್ತಿತೋ, ಸವಣೂರಿನಿಂದ ಬಂಕಾಪುರದ ತನಕ ಒಬ್ಬ ಮುಸಲ್ಮಾನನೂ ಆ ಮಾಂಸದ ಕಡೆ ತಿರುಗಿ ನೋಡುತ್ತಿರಲಿಲ್ಲ. ಬಂದೂಕಿನವರು ಆಮೇಲೆ ನಿಧಾನಕ್ಕೆ ನಡೆದು ಬಂದು, ಸತ್ತ ಪ್ರಾಣಿಯ ಮೇಲೆ ಕಾಲಿಟ್ಟು, ಮೀಸೆ ತಿರುವಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಂಥ ಒಂದು ಫೋಟೋದಲ್ಲಿಯೂ ಹಯಾತ ಇಲ್ಲ. ಆ ಹೊತ್ತಿಗೆ ಅವನು ಎಲ್ಲೋ ಹಳ್ಳದಲ್ಲಿ ಕೈ ತೊಳೆಯುತ್ತಿದ್ದ.

ಊರು ಅಕ್ಕಿಆಲೂರು. ಬೇಟೆಯಿಲ್ಲದ ದಿನ ಕುತುಬುದ್ದೀನ ಸಾಹೇಬರ ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದ. ಆದರೆ ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಅವನ ಹೆಸರು ಗೊತ್ತಿದ್ದದ್ದು ಚೂರಿಯಿಂದ. ಒಮ್ಮೆ ಹಿರೇಕೆರೂರಿನ ಕಡೆ ಒಬ್ಬ ದೊಡ್ಡವರ ಬೇಟೆ. ಬಿದ್ದ ಜಿಂಕೆ ಹಯಾತ ಹತ್ತು ಹೆಜ್ಜೆ ದೂರ ಇರುವಾಗಲೇ ಕಾಲು ಚಾಚಿ ತಣ್ಣಗಾಯಿತು. ಸುತ್ತ ಕಂಟಿ, ಒಂದು ನರಪಿಳ್ಳೆಯೂ ಇಲ್ಲ. ಚೂರಿ ಎಳೆದು ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ಮಾತ್ರ ಎದ್ದು ನಿಂತು, "ಸತ್ತೈತ್ರಿ, ನಾ ಮುಟ್ಟಿಲ್ಲ" ಎಂದು ಕೂಗಿ ಹೇಳಿದ. ಅವತ್ತು ನಲವತ್ತು ಮಂದಿ ಬೀಗರು ಬೇಳೆಸಾರು ಉಂಡು ಎದ್ದುಹೋದರು. ಯಜಮಾನರು ಹಯಾತನನ್ನು ಬಾಯಿಗೆ ಬಂದಂತೆ ಬೈದರು. ಆದರೆ ಆ ಬೀಗರೇ ಊರೂರಿಗೆ ಹೋಗಿ, ಹಯಾತ ಕೊಯ್ದದ್ದಾದರೆ ಕಣ್ಣು ಮುಚ್ಚಿ ತಿನ್ನಬಹುದು ಎಂದು ಹೇಳಿದರು. ಅಂದಿನಿಂದ ಆ ಹೆಸರಿನ ಮೇಲೆ ಅವನಿಗೆ ವಿಪರೀತ ಮೋಹ. ತನ್ನ ಮೇಲೂ ಅಷ್ಟು ಮೋಹವಿಲ್ಲ ಎಂದು ಹೆಂಡತಿ ಗೌಹರ ನೆರೆಯವರ ಮುಂದೆ ಆಡಿಕೊಂಡು ನಗುತ್ತಿದ್ದಳು.

ಅವನ ಜೋಡಿ ಬೇಡರ ಓಣಿಯ ಹೂವಪ್ಪ, ಅವನಿಗಿಂತ ಆರು ವರ್ಷ ಸಣ್ಣವನು. ಕಡವೆಯಂಥ ಕೋಡಿನ ಪ್ರಾಣಿಯನ್ನು ಒಬ್ಬನೇ ಕೊಯ್ಯಲು ಆಗುವುದಿಲ್ಲ. ಹೂವಪ್ಪ ಹಿಂದಿನಿಂದ ಹೋಗಿ ಎರಡೂ ಕೋಡು ಹಿಡಿದು, ಕತ್ತಿನ ಮೇಲೆ ಮೊಣಕಾಲೂರಿ, ತಲೆಯನ್ನು ನೆಲಕ್ಕೆ ಒತ್ತುತ್ತಿದ್ದ. ಹಯಾತ ಮುಂದಿನಿಂದ ಬಗ್ಗಿ ಚೂರಿ ಹಾಕುತ್ತಿದ್ದ. ಇಬ್ಬರ ನಡುವೆ ಮಾತಿಲ್ಲ, ಸನ್ನೆಯಿಲ್ಲ, ಅಷ್ಟು ರೂಢಿ. ಮೂವತ್ತಾರನೇ ಇಸವಿಯಲ್ಲಿ ಒಂದು ಗಂಡು ಕಡವೆ ಹಯಾತನ ತೊಡೆಯನ್ನು ಮೊಣಕಾಲಿನಿಂದ ಸೊಂಟದ ತನಕ ಸೀಳಿತು. ಆಗಲೂ ಹೂವಪ್ಪ ಕೋಡು ಬಿಡಲಿಲ್ಲ. ಪ್ರಾಣಿಯನ್ನು ಮುಗಿಸಿ, ಹಯಾತನನ್ನು ಬೆನ್ನ ಮೇಲೆ ಹಾಕಿಕೊಂಡು ಮೂರು ಮೈಲು ನಡೆದ. ಅವತ್ತಿನಿಂದ ಹೂವಪ್ಪನ ಹೆಂಡತಿ ದಾನವ್ವ ಹಯಾತನಿಗೆ ಅಣ್ಣಾ ಎನ್ನತೊಡಗಿದಳು, ಪಂಚಮಿಗೆ ಉಂಡಿ ಕಳಿಸತೊಡಗಿದಳು.

ಮೂವತ್ತೆಂಟರ ಚಳಿಗಾಲದಲ್ಲಿ ಕುತುಬುದ್ದೀನ ಸಾಹೇಬರ ಮಗಳು ನೂರಜಹಾನಳ ಮದುವೆ ಗೊತ್ತಾಯಿತು. ಸವಣೂರಿನ ಬೀಗರು. ಊಟಕ್ಕೆ ಕಡವೆಯೇ ಆಗಬೇಕು ಎಂದು ಸಾಹೇಬರು ಹಟ ಹಿಡಿದರು. ಆದರೆ ಹಯಾತನ ತೊಡೆಯ ಗಾಯವನ್ನು ಅವರೂ ಮರೆತಿರಲಿಲ್ಲ.

"ಲಗ್ನದ ಮನಿಯಾಗ ಹೆಣ ಬೀಳೂದು ಬ್ಯಾಡ" ಎಂದರು. "ಒಂದು ಪಿಸ್ತೂಲ ತಗೊಂಡ್ಬಿಡೂಣು. ಕಡವಿ ಎದ್ದು ಮೈಮ್ಯಾಲ ಬಂದ್ರ ಹೊಡೀರಿ. ಲೈಸನ್ಸಿನಾಗ ನಿನ್ನ ಹೆಸರೂ ಬರಸೇನಿ. ಹಿಡಿಯಾವ ನೀನು, ಆರಿಸಾವನೂ ನೀನ."

ಅದು ರಿವಾಲ್ವರ್. ಆದರೆ ನಮ್ಮ ಕಡೆ ಕೈಯಲ್ಲಿ ಹಿಡಿದು ಹೊಡೆಯುವುದೆಲ್ಲ ಪಿಸ್ತೂಲೇ, ಆ ವ್ಯತ್ಯಾಸ ಯಾರಿಗೂ ಬೇಕಾಗಿಲ್ಲ. ಸಾಹೇಬರ ಮೋಟಾರಿನಲ್ಲಿ ಮೂವರೂ ಸವಣೂರಿಗೆ ಹೋದರು. ಹಿಂದಿನ ಸೀಟಿನಲ್ಲಿ ಕುಳಿತ ಹೂವಪ್ಪ ದಾರಿಯುದ್ದಕ್ಕೂ ಎದುರು ಬಂದ ಎತ್ತಿನಗಾಡಿಯವರಿಗೆಲ್ಲ ಕೈ ಬೀಸುತ್ತಿದ್ದ.

ಸವಣೂರಿನ ಅಲ್ಲಾಭಕ್ಷ ಬಂದೂಕು ರಿಪೇರಿ ಮಾಡುವ ಮುದುಕ, ಹಳೆಯವನ್ನು ಮಾರುತ್ತಲೂ ಇದ್ದ. ಒಂದು ಕಂಬಳಿ ಹಾಸಿ ಅದರ ಮೇಲೆ ಮೂರು ರಿವಾಲ್ವರ್ ಇಟ್ಟ. ಒಂದು ಮಿಲಿಟರಿಯದು, ಕರಿ ಬಣ್ಣ, ಎತ್ತಿದರೆ ಮಣಿಕಟ್ಟು ಬಾಗುವಷ್ಟು ಭಾರ, ಗುಂಡು ಹೆಬ್ಬೆರಳಿನಷ್ಟು ದಪ್ಪ. ಇನ್ನೊಂದರ ಗುಂಡು ತುಂಬುವ ಗಾಲಿ ಸಡಿಲಾಗಿತ್ತು, ಅದನ್ನು ಅವನೇ ಬದಿಗೆ ಸರಿಸಿದ. ಮೂರನೆಯದು ಅಂಗೈಯಲ್ಲಿ ಹಿಡಿಸುವ ಬೆಳ್ಳಗಿನ ಸಣ್ಣದು, ಐದು ಗುಂಡಿನದು, ಯಾವನೋ ಬಿಳಿ ಸಾಹೇಬನ ಮಡದಿ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದದ್ದು.

ಹಿತ್ತಲಲ್ಲಿ ಹಸಿಮಣ್ಣು ತುಂಬಿದ ಗೋಣಿಚೀಲಗಳನ್ನು ಒಂದರ ಹಿಂದೊಂದು ನಿಲ್ಲಿಸಿ ಮುದುಕ ಹೊಡೆದು ತೋರಿಸಿದ. ದೊಡ್ಡದರ ಗುಂಡು ಎರಡು ಚೀಲ ದಾಟಿ ಹಿಂದಿನ ಗೋಡೆಯ ಹೆಂಟೆ ಉದುರಿಸಿತು. ಕಾಗೆಗಳೆಲ್ಲ ಎದ್ದವು. ಸಣ್ಣದರ ಗುಂಡು ಮೊದಲ ಚೀಲದಲ್ಲೇ ನಿಂತಿತು. ಹಯಾತ ಹೋಗಿ ಆ ತೂತಿನಲ್ಲಿ ಬೆರಳು ಹಾಕಿ ನೋಡಿದ. ಬೆರಳಿನ ತುದಿಗೆ ಗುಂಡು ತಾಗಿತು.

"ಉಸ್ತಾದ್ರ, ಯಾವುದ್ರಲೆ ಹೊಡದ್ರ ಲಗೂನ ಸಾಯಂಗಿಲ್ಲ?" ಎಂದು ಕೇಳಿದ.

ಅಲ್ಲಾಭಕ್ಷ ಕನ್ನಡಕ ತೆಗೆದು ಅವನನ್ನೇ ನೋಡಿದ. "ನಲವತ್ತ ವರ್ಷ ಆತು ಈ ಧಂದೆ ಮಾಡಾಕತ್ತು. ಹಿಂಗ ಕೇಳಿದಾವ ನೀನ ಮೊದಲನೇದಾವ."

"ಹಯಾತಣ್ಣ, ದೊಡ್ಡದ ತಗೋ" ಎಂದ ಹೂವಪ್ಪ. "ಕ್ವಾಡ ಹಿಡಿಯಾವ ನಾನು."

"ದೊಡ್ಡದರಲೆ ಹೊಡದ್ರ ಜಾಗಾದಾಗ ತಣ್ಣಗಾಗತೈತಿ. ಆಮ್ಯಾಲ ಚೂರಿ ಹಾಕಾಕ ಏನ ಉಳೀತೈತಿ?"

"ನಾ ಉಳೀತೇನಲ್ಲ."

ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು, ಹೂವಪ್ಪನೇ ಎಲ್ಲರಿಗಿಂತ ಜೋರಾಗಿ ನಕ್ಕ. ಹಯಾತ ಮಾತ್ರ ಸಣ್ಣದನ್ನು ಎತ್ತಿಕೊಂಡು ಅತ್ತಿತ್ತ ತಿರುಗಿಸಿ ನೋಡಿದ. ಕಡವೆಯನ್ನು ಹೆದರಿಸಲಿಕ್ಕೆ, ಸ್ವಲ್ಪ ಮೆತ್ತಗೆ ಮಾಡಲಿಕ್ಕೆ ಇಷ್ಟು ಸಾಕು ಎಂದು ಅವನಿಗೆ ಅನ್ನಿಸಿತು. ಜೀವ ಉಳಿಯಬೇಕು, ಚೂರಿಯೇ ಅದನ್ನು ತೆಗೆಯಬೇಕು. ಸವಣೂರಿನ ಬೀಗರೆಲ್ಲ ಸೇರಿದ ಪಂಕ್ತಿಯಲ್ಲಿ, ಇದು ಹಯಾತನ ಕೈಯದು ಎಂದು ಯಾರಾದರೂ ಅನ್ನುವುದನ್ನು ಅವನು ಆಗಲೇ ಕೇಳಿಸಿಕೊಂಡಿದ್ದ. ಈ ಹಾಳು ಹೆಸರಿನ ಆಸೆ ಬಡವನಿಗೂ ಹತ್ತುತ್ತದೆ, ಹತ್ತಿದರೆ ಶ್ರೀಮಂತನಿಗಿಂತ ಹೆಚ್ಚು ಹತ್ತುತ್ತದೆ.

"ಇದ ಇರಲಿ" ಎಂದ.

ಹೂವಪ್ಪ ದೊಡ್ಡದನ್ನು ಎತ್ತಿ ಭಾರ ನೋಡಿ, ಕಂಬಳಿಯ ಮೇಲೆ ಮೆಲ್ಲಗೆ ಇಟ್ಟ.

ಬೇಟೆ ಹಾನಗಲ್ಲಿನ ಪಡುವಣ ಕಾಡಿನಲ್ಲಿ. ಬೆಳಗಿನ ಮಂಜು ಆರುತ್ತಿದ್ದಂತೆ ಪ್ರಾಣಿ ಎಬ್ಬಿಸುವ ಹಳವಿನವರು ಡಬ್ಬಿ ಬಡಿಯುತ್ತ ಹೊರಟರು. ಬಂದೂಕು ಸಾಹೇಬರ ಕೈಯಲ್ಲೊಂದು, ಸವಣೂರಿನಿಂದ ಬಂದ ಅವರ ಬೀಗ ನಿಯಾಜರ ಕೈಯಲ್ಲೊಂದು. ನಿಯಾಜರು ಊಟದಲ್ಲಿ ಎಷ್ಟು ಚುರುಕೋ ಗುರಿಯಲ್ಲಿ ಅಷ್ಟು ಮಂದ. ಎದುರಿಗೆ ದಾಟಿದ ಗಂಡು ಕಡವೆಗೆ ಅವಸರದಲ್ಲಿ ಹೊಡೆದರು. ಗುಂಡು ಹೊಟ್ಟೆಗೆ ಬಿತ್ತು. ಹೊಟ್ಟೆಯ ಪೆಟ್ಟು ಬಲು ಕೆಟ್ಟದ್ದು, ಪ್ರಾಣಿ ಸಾಯುವುದೂ ಇಲ್ಲ, ಸುಮ್ಮನಿರುವುದೂ ಇಲ್ಲ. ಕಡವೆ ಕರುಳು ಎಳೆದುಕೊಂಡೇ ಬಿದಿರುಮೆಳೆಯೊಳಗೆ ನುಗ್ಗಿತು.

ಹಯಾತ ಓಡಿದ, ಹಿಂದೆಯೇ ಹೂವಪ್ಪ. ಎಲೆಗಳ ಮೇಲೆ ಬಿದ್ದ ರಕ್ತ ಕಪ್ಪಗಿತ್ತು, ಅದರಲ್ಲಿ ಅರೆದ ಹುಲ್ಲು ಸೇರಿತ್ತು. ಎರಡು ಫರ್ಲಾಂಗು ಹೋದ ಮೇಲೆ ಒಂದು ಒಣಹಳ್ಳ. ಅದರ ದಂಡೆಯ ಮತ್ತಿಮರದ ಬುಡದಲ್ಲಿ ಕಡವೆ ಮಲಗಿತ್ತು, ತಲೆ ನೆಲಕ್ಕೆ ತಾಗಿಸಿ ಬುಸುಗುಟ್ಟುತ್ತಿತ್ತು. ಅಷ್ಟು ದೊಡ್ಡ ಕೋಡನ್ನು ಇಬ್ಬರೂ ಹಿಂದೆಂದೂ ನೋಡಿರಲಿಲ್ಲ.

ಹೂವಪ್ಪ ಯಾವತ್ತಿನಂತೆ ಹಿಂದಿನಿಂದ ಹೋದ. ಎರಡೂ ಕೋಡು ಹಿಡಿದ, ಮೊಣಕಾಲು ಎತ್ತಿದ. ಆ ಕ್ಷಣ ಕಡವೆ ಅವನನ್ನು ಹೊತ್ತುಕೊಂಡೇ ಎದ್ದಿತು. ಅವನ ಕಾಲು ನೆಲ ಬಿಟ್ಟವು. ಅದು ಕತ್ತನ್ನು ಒಮ್ಮೆ ಕೊಡವಿತು, ಹೂವಪ್ಪ ಮುಂದಕ್ಕೆ ಬಿದ್ದ. ಏಳುವಷ್ಟರಲ್ಲಿ ಕೋಡಿನ ಕೆಳಗಿನ ಕವಲು ಅವನ ಪಕ್ಕೆಲುಬಿನ ಕೆಳಗೆ ಹೊಕ್ಕಿತು. ಅವನು ಕಿರುಚಲಿಲ್ಲ. ಬಾಯಿಂದ ಗಾಳಿ ಹೊರಬಿದ್ದ ಸದ್ದು ಮಾತ್ರ ಬಂತು.

ಹಯಾತ ಪಿಸ್ತೂಲು ತೆಗೆದು ಐದು ಹೆಜ್ಜೆಯಿಂದ ಹೊಡೆದ. ಭುಜಕ್ಕೆ ತಗುಲಿತು, ತಗುಲಿದ್ದು ಕಣ್ಣಿಗೂ ಕಂಡಿತು. ಕಡವೆ ಚರ್ಮ ಅದುರಿಸಿತು, ಅಷ್ಟೇ. ಎರಡನೆಯದು ಕತ್ತಿಗೆ. ಮೂರನೆಯದು ಮತ್ತೆ ಭುಜಕ್ಕೆ. ಕಡವೆ ಹೂವಪ್ಪನನ್ನು ಕೋಡಿನಲ್ಲಿ ಸಿಕ್ಕಿಸಿಕೊಂಡು ಮತ್ತಿಮರಕ್ಕೆ ಒತ್ತಿ, ಹಿಂದೆ ಸರಿದು, ಮತ್ತೆ ಒತ್ತಿತು. ಹೂವಪ್ಪನ ಎರಡೂ ಕೈ ಇನ್ನೂ ಕೋಡಿನ ಮೇಲೇ ಇದ್ದವು. ನಾಲ್ಕನೆಯ ಗುಂಡು ದವಡೆಗೆ ಬಿದ್ದು ಹಲ್ಲು ಹಾರಿತು. ಐದನೆಯದು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಆರನೆಯ ಸಲ ಒತ್ತಿದಾಗ ಟಕ್ ಎಂದಿತು.

ಹಯಾತ ಪಿಸ್ತೂಲು ಬಿಸಾಡಿ ಕಡವೆಯ ಕತ್ತಿಗೆ ಜೋತುಬಿದ್ದ. ಎಡಗೈಯಿಂದ ಕೊರಳು ತಬ್ಬಿ ಬಲಗೈಯಿಂದ ಚೂರಿ ಹಾಕಿದ. ಬಿಸ್ಮಿಲ್ಲಾ ಎಂಬ ಮಾತು ರೂಢಿಯಂತೆ ತುಟಿಯ ತನಕ ಬಂತು. ಅವನು ಹಲ್ಲು ಕಚ್ಚಿ ಅದನ್ನು ತಡೆದ. ಅವನಿಗೆ ಆಗ ಬೇಕಾಗಿದ್ದು ಮಾಂಸವಲ್ಲ, ಆ ಪ್ರಾಣಿಯ ಸಾವು. ಎಲುಬು ತಾಗುವ ತನಕ ಕೊಯ್ದ, ತಾಗಿದ ಮೇಲೂ ಕೊಯ್ದ. ಕಡವೆ ಕುಸಿದು ಬಿದ್ದ ಮೇಲೆ ಅದರ ಕಣ್ಣಿಗೆ, ಮೂತಿಗೆ, ಎದೆಗೆ ತಿವಿದ. ಹದಿನೆಂಟು ವರ್ಷದಲ್ಲಿ ಒಂದು ಪ್ರಾಣಿಗೂ ಎರಡನೆಯ ಏಟು ಹಾಕದ ಕೈ ಅವತ್ತು ನಿಲ್ಲಲೇ ಇಲ್ಲ.

ಆಮೇಲೆ ಕೋಡಿನಿಂದ ಹೂವಪ್ಪನನ್ನು ಬಿಡಿಸಿದ. ಹೊರಗೆ ಬಂದದ್ದನ್ನು ಒಳಗೆ ಸೇರಿಸಿ ತನ್ನ ರುಮಾಲು ಬಿಚ್ಚಿ ಬಿಗಿದು ಕಟ್ಟಿದ. ರುಮಾಲು ಒಂದೇ ಗಳಿಗೆಯಲ್ಲಿ ತೊಯ್ದುಹೋಯಿತು.

"ಸತ್ತತೇನು?" ಎಂದ ಹೂವಪ್ಪ.

"ಸತ್ತತಿ. ಮಾತಾಡಬ್ಯಾಡ."

"ಚೂರಿ ಮುಟ್ಟಿಸಿದೆಲ್ಲ. ಹಂಗಾರ ಊಟ ಆತು ಬಿಡು."

ಹಯಾತ ಅವನನ್ನು ಬೆನ್ನ ಮೇಲೆ ಹಾಕಿಕೊಂಡು ಹಳ್ಳ ಹತ್ತಿದ. ಅವರನ್ನು ತಂದ ಗಿರಣಿಯ ಲಾರಿ ನಿಂತ ಜಾಗಕ್ಕೆ ಅರ್ಧ ಮೈಲು. ಅರ್ಧ ದಾರಿಯಲ್ಲಿ ಹೂವಪ್ಪನ ಗದ್ದ ಅವನ ಹೆಗಲಿನ ಮೇಲೆ ಭಾರವಾಯಿತು. ಹಯಾತ ನಿಂತು ನೋಡಲಿಲ್ಲ, ನಡೆದೇ ನಡೆದ. ಲಾರಿಯ ಹತ್ತಿರ ಇಳಿಸಿದಾಗ ಉಳಿದವರೇ ನೋಡಿ ಹೇಳಬೇಕಾಯಿತು.

ಹಳವಿನವರು ಕಡವೆಯನ್ನು ಎಳೆದು ತಂದರು. ಸಾಹೇಬರೇನು ಕೆಟ್ಟವರಲ್ಲ, ಕಣ್ಣಲ್ಲಿ ನೀರೂ ಇತ್ತು. ಆದರೆ ಮರುದಿನ ಮನೆಯಲ್ಲಿ ಮುನ್ನೂರು ಮಂದಿ ಊಟಕ್ಕೆ ಕೂರುವವರಿದ್ದರು.

"ಹಯಾತ, ಬಿಸ್ಮಿಲ್ಲಾ ಹೇಳಿದ್ಯೇನು?"

"ಇಲ್ರಿ."

"ಗಡಿಬಿಡಿಯಾಗ ಮರತಿರಬೇಕು. ಮರತ್ರ ಮಾಫ ಐತಿ, ಮೌಲವಿಗಳು ಹೇಳ್ತಾರ. ಮರತದ್ದು ಹೌದಿಲ್ಲೋ?"

ಹೌದೆಂದರೆ ಮುಗಿದುಹೋಗುತ್ತಿತ್ತು. ಸಾಹೇಬರು ಅದನ್ನೇ ಅವನ ಬಾಯಿಗೆ ಇಡುತ್ತಿದ್ದರು.

"ಮರತಿದ್ದಿಲ್ರಿ. ಬಾಯಿಗೆ ಬಂದಿತ್ತು. ನಾನ ಹೇಳಲಿಲ್ಲ. ಸಿಟ್ಟಿಲೆ ಕೊಂದೇನ್ರಿ, ಉಣ್ಣಾಕ ಕೊಂದಿಲ್ಲ."

ನಿಯಾಜರು ಮುಖ ತಿರುಗಿಸಿದರು. ಸಾಹೇಬರು ಉಸಿರು ಬಿಟ್ಟು, "ಹಂಗಾರ ಇದನ್ನ ಹೂವಪ್ಪನ ಮನಿಗೆ ಹಾಕ್ರಿ. ಅವರು ಉಣ್ಣಾವರು, ಮಣ್ಣಿಗೆ ಬಂದಾವರಿಗಾದ್ರೂ ಆಗತೈತಿ" ಎಂದರು. ಉಪಕಾರವೆಂದೇ ತಿಳಿದು ಹೇಳಿದ ಮಾತು ಅದು. ಹಯಾತ ಹೋಗಿ ಹೂವಪ್ಪನ ತಲೆಯ ಹತ್ತಿರ ಕುಳಿತ. ಇದ್ದದ್ದು ಒಂದೇ ಲಾರಿ. ಕೊಂದ ಪ್ರಾಣಿಯನ್ನೂ ಸತ್ತ ಮನುಷ್ಯನನ್ನೂ ಅಕ್ಕಪಕ್ಕ ಮಲಗಿಸಿಕೊಂಡು ಅದು ಅಕ್ಕಿಆಲೂರಿಗೆ ಹೊರಟಿತು.

ಮಧ್ಯಾಹ್ನದ ಬಿಸಿಲು. ಜೋಳ ಕೊಯ್ಯಲು ಹೋಗಿದ್ದ ದಾನವ್ವ ಸುದ್ದಿ ಕೇಳಿ ಹೊಲದಿಂದ ಹಾಗೇ ಓಡಿಬಂದಳು, ಕೈಯಲ್ಲಿ ಕುಡುಗೋಲು. ಗಂಡನನ್ನು ಮನೆಯ ಮುಂದಿನ ಕಟ್ಟೆಯ ಮೇಲೆ ಮಲಗಿಸಿದ್ದರು. ಅವಳು ಅಳಲಿಲ್ಲ. ರುಮಾಲು ಸರಿಸಿ ಗಾಯವನ್ನು ಪೂರ್ತಿ ನೋಡಿದಳು. ಅಷ್ಟರಲ್ಲಿ ಡ್ರೈವರ ಮತ್ತಿಬ್ಬರು ಕಡವೆಯನ್ನು ಬಾಗಿಲ ಮುಂದೆ ಧೊಪ್ಪೆಂದು ಇಳಿಸಿದರು.

"ಇದ್ಯಾಕ?" ಎಂದಳು.

"ಸಾಹೇಬ್ರು ಕಳಿಸ್ಯಾರವ್ವ, ನಿಮಗಂತ."

ದಾನವ್ವ ಕಡವೆಯ ಮೈಮೇಲಿನ ಸಣ್ಣ ಸಣ್ಣ ತೂತುಗಳನ್ನು ನೋಡಿದಳು. ಆಮೇಲೆ ಹಯಾತನ ಕಡೆ ತಿರುಗಿದಳು.

"ಅಣ್ಣಾ, ನಿನ್ನ ಕಡೆ ಪಿಸ್ತೂಲ ಇತ್ತಲ್ಲ. ಪಿಸ್ತೂಲ ಐತಿ, ಈ ಸಲ ಹೆದರಬ್ಯಾಡ ಅಂತ ನನಗ ಹೇಳಿ ಹೋಗಿದ್ರು ಇವರು."

"ಹೊಡದೆ ತಂಗಿ. ಐದೂ ಹೊಡದೆ."

"ಐದ ಗುಂಡ ಹೊಡದ್ರೂ ಯಾಕ ಸಾಯಲಿಲ್ಲ?"

ದೊಡ್ಡ ಪ್ರಾಣಿ ಎನ್ನಬಹುದಿತ್ತು. ಹಣೆಬರಹ ಎನ್ನಬಹುದಿತ್ತು, ಅಲ್ಲಿ ನೆರೆದ ಓಣಿಯೆಲ್ಲ ಹೌದೌದು ಎನ್ನುತ್ತಿತ್ತು. ಹಯಾತ ಅವಳ ಮುಖ ನೋಡಿಯೇ ಹೇಳಿದ.

"ಸಾಯಬಾರದಂತನ ಸಣ್ಣದು ಆರಿಸಿದ್ದೆ. ದೊಡ್ಡದು ಇತ್ತು. ದೊಡ್ಡದ ತಗೋ, ಕ್ವಾಡ ಹಿಡಿಯಾವ ನಾನು ಅಂದ ಅಂವ. ನಾ ಕೇಳಲಿಲ್ಲ. ಜೀವ ಇರಾಗ ಚೂರಿ ಹಾಕಬೇಕಿತ್ತು ನನಗ."

ದಾನವ್ವ ಅವನ ಕೈ ನೋಡಿದಳು. ಹಯಾತನ ಬಲಗೈಯ ಮೇಲೆ ರಕ್ತ ಮೊಣಕೈಯ ತನಕ ಒಣಗಿತ್ತು.

"ಈ ಕೈಲೆ ಏನು?" ಎಂದು ಕೇಳಿ, ಕುಡುಗೋಲು ಎತ್ತಿ ಹೊಡೆದಳು.

ಮೊದಲ ಏಟು ಮಣಿಕಟ್ಟಿನ ಮೇಲೆ. ಬೆರಳುಗಳು ತಾವೇ ಬಿಚ್ಚಿಕೊಂಡವು. ಹಯಾತ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಎರಡನೆಯ ಏಟಿಗೆ ಎರಡು ಬೆರಳು ಚರ್ಮದಲ್ಲಿ ಜೋತಾಡಿದವು. ಮೂರನೆಯದಕ್ಕೆ ಎತ್ತಿದಾಗ ಹೆಂಗಸರು ಅವಳನ್ನು ತಬ್ಬಿ ಹಿಡಿದರು. ಆಗ ಅವಳು ಅಳತೊಡಗಿದಳು. ಹಯಾತ ಅಲ್ಲೇ ಕಟ್ಟೆಯ ಪಕ್ಕ ಕುಸಿದು ಕುಳಿತ. ಅವನ ರಕ್ತ ಕಡವೆಯ ಮೂತಿಯ ತನಕ ಹರಿಯಿತು.

ಹಾನಗಲ್ಲಿನ ದವಾಖಾನೆಯಲ್ಲಿ ಎರಡು ಬೆರಳು ತೆಗೆದುಹಾಕಿದರು. ಉಳಿದ ಮೂರು ಮಡಚಲು ಬರುವುದಿಲ್ಲ ಎಂದರು. ಮೂರನೆಯ ದಿನ ಅಕ್ಕಿಆಲೂರಿನ ಪೊಲೀಸ್ ಪಾಟೀಲ ಮೈಲಾರಲಿಂಗಪ್ಪ ಜಬಾಬು ಬರೆದುಕೊಳ್ಳಲು ಬಂದ.

"ಕೈಗೆ ಏನಾತೋ ಹಯಾತ?"

"ಕಡವಿ ಕ್ವಾಡ ಬಡೀತ್ರಿ."

ಮೈಲಾರಲಿಂಗಪ್ಪ ಲೆಕ್ಕಣಿಕೆ ಕೆಳಗಿಟ್ಟ. "ಕ್ವಾಡ ಹಿಂಗ ಕೊಯ್ಯೂದಿಲ್ಲ. ಡಾಕ್ಟರೂ ಹಂಗ ಅಂತಾರ. ಓಣಿ ಮಂದಿ ಬ್ಯಾರೆ ಏನರ ಹೇಳಾಕತ್ತಾರ."

"ಕಡವಿ ಕ್ವಾಡ್ರಿ. ಹಂಗ ಬರಕೋರಿ."

ಪಾಟೀಲ ಲೆಕ್ಕಣಿಕೆ ಎತ್ತಿ ಹಾಗೇ ಬರೆದುಕೊಂಡ. ಗಂಡ ಸತ್ತ ಹೆಂಗಸನ್ನು ಕಚೇರಿ ಹತ್ತಿಸುವ ಮನಸ್ಸು ಅವನಿಗೂ ಇರಲಿಲ್ಲ. ಹಯಾತ ಎಡಗೈಯ ಹೆಬ್ಬೆರಳು ಒತ್ತಿದ. ತನ್ನ ತಂಗಿಗೆ ಕೊನೆಗೂ ಏನೋ ಒಂದು ಮಾಡಿದೆ ಎಂಬ ಸಮಾಧಾನದಲ್ಲಿ ಅವತ್ತು ಮೊದಲ ಸಲ ನಿದ್ದೆ ಮಾಡಿದ.

ತಿಂಗಳ ಮೇಲೆ, ಒಂದು ಮುಂಜಾನೆ, ದಾನವ್ವ ಅವನ ಮನೆಯ ಬಾಗಿಲಿಗೆ ಬಂದಳು. ಗೌಹರ ಹೆದರಿ ಎದ್ದು ನಿಂತಳು. ಒಳಗೆ ಬಾ ಎಂದರೂ ದಾನವ್ವ ಬರಲಿಲ್ಲ.

"ಕಡವಿ ಹೊಡೀತು ಅಂತ ಬರಸೀಯಂತ, ಖರೇನ?"

"ಹೌದವಾ. ನಿನಗ ತ್ರಾಸ ಆಗಬಾರದಂತ."

"ನಿನ್ನ ಯಾರು ಕೇಳಿದ್ರು?" ಅವಳ ಧ್ವನಿ ಏರಲಿಲ್ಲ. "ನನ್ನ ಗಂಡಗ ಯಾರೂ ಏನೂ ಮಾಡಲಿಲ್ಲ. ಸಾಹೇಬ ಮಾಂಸ ಕಳಿಸಿದ, ಮಗಳ ಲಗ್ನಾ ಮಾಡಿದ. ಪಾಟೀಲ ಬಂದು ಬರಕೊಂಡು ಹ್ವಾದ. ಇಡೀ ಊರಾಗ ಅವರ ಸಲುವಾಗಿ ಕೈ ಎತ್ತಿದಾಕಿ ನಾ ಒಬ್ಬಾಕಿ. ಅದನ್ನೂ ಒಯ್ದು ಕಡವಿಗೆ ಕೊಟ್ಟೆಲ್ಲ."

ಹೂವಪ್ಪನಿಗೆ ಮಾಡಿದ ತಪ್ಪನ್ನು ಹಯಾತ ಅವತ್ತೇ ಅರಿತಿದ್ದ. ಇವಳಿಗೆ ಮಾಡಿದ್ದು ತಪ್ಪೆಂದು ಈಗ ತಿಳಿಯಿತು. ದಾನವ್ವ ತಿರುಗಿ ಹೊರಟುಹೋದಳು. ಪಂಚಮಿಗೆ ಉಂಡಿ ಮತ್ತೆ ಬರಲಿಲ್ಲ.

ಅವನು ಅದೇ ದಿನ ಪಾಟೀಲನ ಹತ್ತಿರ ಹೋಗಿ ಜಬಾಬು ತಿದ್ದಿಕೊಡು ಎಂದ. ಕಾಗದ ಆಗಲೇ ಧಾರವಾಡಕ್ಕೆ ಹೋಗಿಯಾಗಿದೆ, ಸುಮ್ಮನೆ ಮನೆಗೆ ಹೋಗು ಎಂದು ಮೈಲಾರಲಿಂಗಪ್ಪ ಬೈದು ಕಳಿಸಿದ. ಗಿರಣಿಯಲ್ಲಿ ಚೀಲ ಹೊರಲು ಆಗದ ಹಯಾತನನ್ನು ಸಾಹೇಬರು ಬಾಗಿಲು ಕಾಯಲು ಇಟ್ಟುಕೊಂಡರು. ಕೊಯ್ಯುವ ಕೆಲಸಕ್ಕೆ ಬಂಕಾಪುರದಿಂದ ಬೇರೆಯವನು ಬಂದ, ಅವನಿಗೆ ದೊಡ್ಡ ಪಿಸ್ತೂಲನ್ನೇ ಕೊಡಿಸಿದರು. ಅಕ್ಕಿಆಲೂರಿನ ಸಂತೆಗೆ ನಾಲ್ಕೂ ದಿಕ್ಕಿನಿಂದ ಮಂದಿ ಬರುತ್ತಾರೆ. ಬಾಗಿಲಲ್ಲಿ ಕುಳಿತವನ ಕೈ ನೋಡಿ, ಏನಾಯಿತೆಂದು ಕೇಳದೆ ಹೋದವರು ಕಡಿಮೆ. ನಲವತ್ತೇಳರ ಮಳೆಗಾಲದಲ್ಲಿ ಸಾಯುವ ತನಕ, ಅಕ್ಕಿ ತರಲು ಬಂದ ಶಿಗ್ಗಾಂವಿಯ ಗಾಡಿಯವನೇ ಇರಲಿ, ಗುರುತಿಲ್ಲದ ಮುದುಕಿಯೇ ಇರಲಿ, ಕೇಳಿದವರಿಗೆಲ್ಲ ಅವನು ಕೈಯನ್ನು ಎತ್ತಿ ತೋರಿಸಿ ಹೇಳುತ್ತಿದ್ದ: "ಹೂವಪ್ಪನ ಹೆಂಡತಿ ದಾನವ್ವ ಹೊಡದದ್ದ್ರಿ. ಅಕಿ ಗಂಡನ್ನ ನಾ ಕೊಂದಿದ್ದೆ."